ಹೊಕ್ಕುಳಬಳ್ಳಿ ರಕ್ತ ಕಾದಿಡಬೇಕೆ?

ಏಳು ತಿಂಗಳ ಗರ್ಭಿಣಿಯೊಬ್ಬರ ಪ್ರಶ್ನೆ: ಖಾಸಗಿ ಬ್ಯಾಂಕಿಗೆ ಹಣ ಕಟ್ಟಿ ಮಗುವಿನ ಹೊಕ್ಕುಳಬಳ್ಳಿ ರಕ್ತ ಇಡಿಸಬೇಕೆ?

1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಈ ರಕ್ತದಲ್ಲಿರುವ ಆಕರಕೋಶಗಳ (ಸ್ಟೆಮ್ ಸೆಲ್) ಮೊದಲ ಕಸಿ ಮಾಡಿದರು. ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರಕ್ತಕಾಯಿಲೆ ಇದ್ದ ಅಮೆರಿಕದ ಐದು ವರ್ಷದ ಹುಡುಗನಿಗೆ ಕೊಟ್ಟದ್ದು ತಂಗಿಯ ಬಳ್ಳಿರಕ್ತ, ಅವನದ್ದಲ್ಲ. ಆನುವಂಶಿಕ ಕಾಯಿಲೆಯಾದರೆ ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷವಿರುತ್ತದೆ. ಜಾಹೀರಾತುಗಳು ಇದನ್ನು ಜಾಣತನದಿಂದ ಮರೆಯುತ್ತವೆ!

ಒಂದು ಬಳ್ಳಿಯಲ್ಲಿ ಸಿಗುವ ರಕ್ತ ದೊಡ್ಡವರಿಗೆ ಸಾಮಾನ್ಯವಾಗಿ ಸಾಲದು. ಅದಕ್ಕೇ ಆಕರಕೋಶಗಳನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿ ತಯಾರಿಸುವ ಒಮಿಡುಬಿಸೆಲ್ ಎಂಬ ಚಿಕಿತ್ಸೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಅಂಗಾಂಶ ಅರ್ಧದಷ್ಟು ಹೊಂದುವ ಅಪ್ಪ-ಅಮ್ಮನಿಂದಲೇ ಕಸಿ ಸಾಧ್ಯವಾದ ಮೇಲೆ ಬಳ್ಳಿರಕ್ತದ ಬೇಡಿಕೆ ಇಳಿದಿದೆ.

ದೊಡ್ಡ ಮಗುವಿಗೆ ಥಲಸ್ಸೀಮಿಯಾದಂಥ ರೋಗವಿದ್ದರೆ ಇಡಿಸುವುದು ಸರಿ; ಉಳಿದಂತೆ ಖಾಸಗಿ ಸಂಗ್ರಹವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಶಿಫಾರಸು ಮಾಡುವುದಿಲ್ಲ. ಈಕೆಗಿದು ಚೊಚ್ಚಲು, ಮನೆಯಲ್ಲಿ ಅಂಥ ರೋಗವೂ ಇಲ್ಲ. ಆ ಹಣ ಬಾಣಂತನಕ್ಕೆ ಇರಲಿ.