ಪಾಠ : ಜೀಪಿನ ಹಿಂದಿನ ಶಾಕ್

ನಮ್ಮೂರು ನಂಜನಗೂಡು ತಾಲ್ಲೂಕು. ಊರಿನ ಮಹಿಳಾ ಸಂಘಕ್ಕೆ ಒಂದು ಹಳೇ ಜೀಪಿದೆ. ಟಿ. ನರಸೀಪುರದ ಕಡೆ ನಾಟಿ ಕೆಲಸಕ್ಕೆ ಅದರಲ್ಲೇ ಹೋಗುತ್ತಾರೆ. ಶಾಲೆಗೆ ಹೋಗಲು ನಾವೂ ಅದನ್ನೇ ಹತ್ತುತ್ತೇವೆ. ನಾಲೆ ಏರಿ ಮೇಲೆ ಬರೀ ಕಲ್ಲು, ಗುಂಡಿ. ತಳ ತಗುಲಬಾರದು ಅಂತ ಹಿಂದಿನ ಕಮಾನ್ ಪಟ್ಟೆಗೆ ಇನ್ನೆರಡು ಪಟ್ಟೆ ಸೇರಿಸಿ, ಜೀಪನ್ನ ಎತ್ತರ ಮಾಡಿಸಿದ್ವಿ.

ಆಮೇಲೆ ಶುರುವಾಯ್ತು ನೋಡಿ, ಹಿಂದಿನಿಂದ ಟಕ್ ಟಕ್ ಸದ್ದು. ಒಂದು ದಿನ ಗುಂಡಿಗೆ ಇಳಿದಾಗ ಢಬ್ ಅಂತು. ಹಿಂದೆ ಕೂತಿದ್ದವರ ತಲೆ ಮೇಲಿನ ಕಂಬಿಗೆ ಬಡೀತು. ಇಳಿದು ಬಗ್ಗಿ ನೋಡಿದೆವು. ಶಾಕ್ ಜೋತಾಡುತ್ತಿತ್ತು. ಅದನ್ನ ಚಾಸಿಗೆ ಹಿಡಿದಿದ್ದ ಬ್ರಾಕೆಟ್ಟು ಕಿತ್ತು ಬಂದಿತ್ತು.

ಶಾಕ್ ಏನು ಮಾಡುತ್ತೆ? ಭಾರ ಹೊರುವುದು ಕಮಾನ್ ಪಟ್ಟೆ. ಗುಂಡಿಗೆ ಬಿದ್ದರೆ ಅದು ಬಗ್ಗುತ್ತೆ, ಏಳುತ್ತೆ, ಕುಣೀತಾನೇ ಇರುತ್ತೆ. ಆ ಕುಣಿತ ನಿಲ್ಲಿಸೋದು ಶಾಕ್. ಅದರೊಳಗಿನ ಎಣ್ಣೆ ಸಣ್ಣ ತೂತಿನಲ್ಲಿ ನಿಧಾನವಾಗಿ ಹಾಯುತ್ತೆ. ಅದಕ್ಕೇ ಕುಣಿತ ತಗ್ಗುತ್ತೆ.

ಬ್ರಾಕೆಟ್ಟಿಗೆ ವೆಲ್ಡಿಂಗ್ ಮಾಡಿಸಿದ್ವಿ. ತಿಂಗಳು ತುಂಬಲಿಲ್ಲ, ಮತ್ತೆ ಕಿತ್ತು ಬಂತು. ಮತ್ತೆ ವೆಲ್ಡಿಂಗ್. ಸಂಘದ ದುಡ್ಡು ಎರಡು ಸಲ ಹೋಯ್ತು. ಆಗ ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಎರಡೂ ಬಿಲ್ಲನ್ನ ಕೂಡಿಸಿ ಓದಿದರು.

"ಟೀಚರಮ್ಮ, ಎರಡರಲ್ಲೂ ವೆಲ್ಡಿಂಗ್ ಅಂತಲೇ ಇದೆ. ಶಾಕ್ ಅಂತ ಎಲ್ಲೂ ಬರೆದಿಲ್ವಲ್ಲ?"

ನಮಗೂ ಅದು ಹೊಳೆದಿರಲಿಲ್ಲ. ಬೇರೆ ಮೇಸ್ತ್ರಿ ಹತ್ರ ಹೋದ್ವಿ. ವೆಲ್ಡಿಂಗ್ ಆಗಲೇ ಬಿರುಕು ಬಿಟ್ಟಿತ್ತು. ಅವರು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿಯಿಂದ ಹಿಂದಿನ ಚಾಸಿ ಎತ್ತಿದರು. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಳಗೆ ಹೋದರು. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬಾರದು, ಜಾಕಿ ಜಾರಿದರೆ ಪ್ರಾಣಕ್ಕೇ ಅಪಾಯ.

ಶಾಕ್ ಬಿಚ್ಚಿದರು. ಚಕ್ರ ಪೂರ್ತಿ ಕೆಳಕ್ಕೆ ಇಳೀತು. ಮೇಲಿನ ಬೋಲ್ಟಿನ ಜಾಗದಿಂದ ಕೆಳಗಿನ ಬೋಲ್ಟಿನವರೆಗೆ ದಾರ ಹಿಡಿದು ಗಂಟು ಹಾಕಿದ್ವಿ. ಹಳೇ ಶಾಕನ್ನ ಪೂರ್ತಿ ಎಳೆದು ಅದೇ ದಾರದಿಂದ ಅಳೆದ್ವಿ. ಶಾಕ್ ಮೂರು ಬೆರಳು ಗಿಡ್ಡ!

ಜೀಪು ಎತ್ತರ ಆಯ್ತು, ಶಾಕ್ ಮೊದಲಿನಷ್ಟೇ ಉಳೀತು. ಚಕ್ರ ಗುಂಡಿಗೆ ಇಳಿದಾಗೆಲ್ಲ ಅದರ ಭಾರವೆಲ್ಲ ಶಾಕಿಗೆ ಜೋತುಬಿದ್ದು, ಬ್ರಾಕೆಟ್ಟನ್ನ ಜಗ್ಗುತ್ತಿತ್ತು. ಮೋಟು ಹಗ್ಗದಲ್ಲಿ ಹಸು ಕಟ್ಟಿದರೆ ಗೂಟ ಕೀಳದೆ ಇರುತ್ತಾ?

ಮೇಸ್ತ್ರಿ ಬ್ಯಾಟರಿ ವೈರ್ ತೆಗೆದರು. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿಸಿದರು. ತುಕ್ಕು ಕೆರೆದು, ದಪ್ಪ ತಗಡು ಕೊಟ್ಟು ಬ್ರಾಕೆಟ್ಟು ಕೂರಿಸಿದರು. ಎರಡೂ ಕಡೆ ಉದ್ದದ ಶಾಕ್, ಹೊಸ ರಬ್ಬರ್ ಬುಷ್ ಹಾಕಿದರು. ತೀರಾ ಉದ್ದದ ಶಾಕ್ ಕೂಡ ಆಗದಂತೆ. ಪಟ್ಟೆ ಬಗ್ಗಿದಾಗ ಅದು ಒಳಗೆ ಪೂರ್ತಿ ಮುಚ್ಚಿಕೊಂಡು ಬ್ರಾಕೆಟ್ಟನ್ನ ಮೇಲಕ್ಕೆ ಗುದ್ದುತ್ತೆ. ಜೀಪನ್ನ ನೆಲಕ್ಕೆ ಇಳಿಸಿದ ಮೇಲೆ ಬೋಲ್ಟುಗಳನ್ನ ಪೂರ್ತಿ ಬಿಗಿದರು.

ಈ ಸಲದ ಬಿಲ್ಲು ಹೀಗಿತ್ತು:
ಶಾಕ್ – 2
ಬುಷ್ – 4
ವೆಲ್ಡಿಂಗ್ – 1

ಅಕ್ಕ ಅದನ್ನ ಗಟ್ಟಿಯಾಗಿ ಓದಿದ ಮೇಲೆಯೇ ಸಂಘದವರು ದುಡ್ಡು ಎಣಿಸಿ ಕೊಟ್ಟರು.

ಅಭ್ಯಾಸ : ಈ ಬಿಲ್ಲನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಹಳೇ ಶಾಕ್ ಎಷ್ಟು ಬೆರಳು ಗಿಡ್ಡ ಇತ್ತು?