ಮಳೆ ದಿನದ ಲೆಕ್ಕ ತಪ್ಪಿಸುವ ಚುಕ್ಕಿ

ಬ್ಯಾಶ್ ಶೆಲ್‌ಗೆ ಬರುವುದು ಪೂರ್ಣಾಂಕಗಳ ಲೆಕ್ಕವಷ್ಟೇ. ಯಳವತ್ತಿ ಎಂಬ ಊರಿನ ದಿನವಹಿ ಮಳೆಯ ಫೈಲಿನಿಂದ ಮಳೆ ದಿನಗಳನ್ನು ಎಣಿಸಬೇಕು ಎನ್ನಿ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವೇ ಮಳೆ ದಿನ. ಆ 2.5 ಅನ್ನು ಇಫ್ ಷರತ್ತಿನಲ್ಲಿ ‘-ಜಿಇ’ ಜೊತೆ ಕೊಟ್ಟರೆ, ಪೂರ್ಣಾಂಕ ಬೇಕೆಂಬ ದೋಷಸೂಚನೆ ಬರುತ್ತದೆ. ಅದು ಬಂದರೇ ವಾಸಿ. ಜೋಡಿ ಚೌಕಾವರಣದಲ್ಲಿ ‘>’ ಬಳಸಿದರೆ ಸದ್ದಿಲ್ಲದೆ ಉತ್ತರ ತಪ್ಪುತ್ತದೆ. ಅಲ್ಲಿ ನಡೆಯುವುದು ಅಕ್ಷರಗಳ ಹೋಲಿಕೆ. ಉದಾಹರಣೆಗೆ, 10.4ರ ಮೊದಲ ಅಕ್ಷರ 1, ಅದು 2.5ರ 2ಕ್ಕಿಂತ ಹಿಂದಿನದು; ಹದವಾಗಿ ಮಳೆಯಾದ ದಿನ ಒಣದಿನಗಳ ಪಟ್ಟಿಗೆ ಸೇರಿಬಿಡುತ್ತದೆ.

ಹೋಲಿಕೆಯನ್ನು ‘ಬಿ.ಸಿ.’ ಎಂಬ ಲೆಕ್ಕದ ಆದೇಶಕ್ಕೆ ಒಪ್ಪಿಸುವುದು ಸರಿಯಾದ ದಾರಿ. ‘10.4 >= 2.5’ ಎಂದು ಪೈಪ್ ಮೂಲಕ ಕಳಿಸಿದರೆ ನಿಜಕ್ಕೆ 1, ಸುಳ್ಳಿಗೆ 0 ಬರುತ್ತದೆ. ಆ ಪೂರ್ಣಾಂಕವನ್ನು ಇಫ್ ನಿರಾತಂಕವಾಗಿ ಪರೀಕ್ಷಿಸುತ್ತದೆ. ಇಡೀ ವರ್ಷದ ಮಳೆಯ ಫೈಲಾದರೆ ‘ಆಕ್’ ಎಂಬ ಆದೇಶ ಮೇಲು: ಸಾಲಿಗೊಮ್ಮೆ ಬಿ.ಸಿ. ಕರೆಯುವ ಬದಲು ಒಂದೇ ಓಟದಲ್ಲಿ ಎಣಿಸಿಬಿಡುತ್ತದೆ.