ಅರ್ಜಿಗೆ ಮುಂಚೆ ಬ್ಯಾಂಕಿಗೆ ಹೋಗಿಬನ್ನಿ

ಮಾನವ-ಕಂಪ್ಯೂಟರ್ ಸಂವಹನದಲ್ಲಿ ಪಿಎಚ್‌ಡಿ ಮಾಡಬೇಕೆಂದಿದ್ದೀರಾ? ಮೊದಲು ಬ್ಯಾಂಕಿನ ಪಾಸ್‌ಬುಕ್ ಮುದ್ರಿಸುವ ಯಂತ್ರದ ಪಕ್ಕ ಒಂದು ಗಂಟೆ ನಿಂತು ನೋಡಿ. ಬಾರ್‌ಕೋಡ್ ಯಾವ ಕಡೆಗಿರಬೇಕೆಂದು ತಿಳಿಯದೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ತೂರಿಸುವವರು, ಕೊನೆಗೆ ಪಕ್ಕದವರ ಕೈಗೆ ಕೊಡುವವರು ಸಿಗುತ್ತಾರೆ. ತಪ್ಪು ಅವರದೋ, ಯಂತ್ರದ್ದೋ? ಈ ಪ್ರಶ್ನೆ ನಿಮ್ಮನ್ನು ಕಾಡಿದರೆ ವಿಷಯ ನಿಮಗೆ ಒಗ್ಗುತ್ತದೆ.

ಆಮೇಲೆ ಓದು. ಈ ಕ್ಷೇತ್ರದ, 1982ರಲ್ಲಿ ಶುರುವಾದ ‘ಸಿಎಚ್‌ಐ’ ಸಮ್ಮೇಳನದ ಪ್ರಬಂಧಗಳನ್ನು ತಿರುವಿಹಾಕಿ. ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿ ಇರಲಿ, ಅಮೆರಿಕದ ಕಾರ್ನೆಗಿ ಮೆಲನ್ ಇರಲಿ, ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಅವರ ಕೈಕೆಳಗೆ ಈಗ ಓದುತ್ತಿರುವವರನ್ನು ವಿಚಾರಿಸಿ. ಕೋಡಿಂಗ್ ಒಂದೇ ಸಾಲದು; ಸಂದರ್ಶನ ಮಾಡುವ ತಾಳ್ಮೆಯೂ ಸಂಖ್ಯಾಶಾಸ್ತ್ರವೂ ಬೇಕು. ಫೆಲೋಶಿಪ್ ಎಷ್ಟು, ಎಷ್ಟು ವರ್ಷ ಎಂಬುದನ್ನು ಸಂಕೋಚಪಡದೆ ಮೊದಲೇ ಕೇಳಿಬಿಡಿ.